ಸಂಜೆ ಆರರ ಮೇಲೆ ಕ್ಲಾಸ್ ಗ್ರೂಪ್‌ನಲ್ಲಿ ಮೆಸೇಜ್ ಯಾಕಿಲ್ಲ? ಪೋಷಕರಿಗೆ ಒಂದು ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ಸೋಮವಾರದಿಂದ ಹೋಂವರ್ಕ್ ಡೈರಿಯಲ್ಲಿ ಮಾತ್ರ ಬರುತ್ತಿದೆ. ಸಂಜೆ ಆರು ಗಂಟೆ ಆದ ಮೇಲೆ ಕ್ಲಾಸ್ ಗ್ರೂಪ್‌ಗಳಲ್ಲಿ ಟೀಚರ್‌ಗಳು ಏನೂ ಹಾಕುತ್ತಿಲ್ಲ, ಉತ್ತರವನ್ನೂ ಕೊಡುತ್ತಿಲ್ಲ. ಇದರ ಬಗ್ಗೆ ನಿಮ್ಮಲ್ಲಿ ತುಂಬಾ ಜನ ಬೇಸರ ಹೇಳಿಕೊಂಡಿದ್ದೀರಿ. ಕೆಲವರು ಆಫೀಸಿಗೇ ಬಂದಿರಿ, ಕೆಲವರು ಬರೆದು ಕಳಿಸಿದಿರಿ. ಎಲ್ಲವನ್ನೂ ಓದಿದ್ದೇನೆ. ಸಿಟ್ಟಿನಲ್ಲಿ ಬರೆದಿದ್ದನ್ನು ಎರಡು ಸಲ ಓದಿದ್ದೇನೆ. ಮಗುವಿನ ಬಗ್ಗೆ ಯೋಚನೆ ಇರುವವರಿಗೇ ಅಲ್ವಾ ಸಿಟ್ಟು ಬರುವುದು?

ಈ ನಿಯಮ ಯಾಕೆ ಬಂತು ಅನ್ನುವುದನ್ನು ಮೊದಲೇ ಹೇಳಬೇಕಿತ್ತು. ಮೂರು ಸಾಲಿನ ಸೂಚನೆ ಕಳಿಸಿ ಸುಮ್ಮನಾದೆವು. ಅದು ಸರಿಯಾಗಲಿಲ್ಲ. ಈಗ ಹೇಳುತ್ತೇನೆ.

ಹೋದ ತಿಂಗಳು ಒಂದು ದಿನ ರಾತ್ರಿ ಒಂಬತ್ತು ನಲವತ್ತಕ್ಕೆ ಒಂದು ತರಗತಿಯ ಗ್ರೂಪ್‌ನಲ್ಲಿ ಹೋಂವರ್ಕ್ ಬಂತು. ಮರುದಿನ ಒಬ್ಬ ಹುಡುಗಿ ಬಿಟ್ಟು ಎಲ್ಲರೂ ಮಾಡಿಕೊಂಡು ಬಂದಿದ್ದರು. ಅವಳನ್ನು ನಿಲ್ಲಿಸಿ, "ಮನೇಲಿ ಯಾರೂ ಫೋನ್ ನೋಡಲ್ವಾ?" ಎಂದು ಕೇಳಲಾಯಿತು. ಅವಳು ಬಾಯಿ ಬಿಡಲಿಲ್ಲ. ಮಧ್ಯಾಹ್ನ ನನ್ನ ರೂಮಿಗೆ ಬಂದು ಅತ್ತಳು. ಆ ಮನೆಯಲ್ಲಿ ಇರುವುದು ಒಂದೇ ಫೋನ್. ಅಮ್ಮನಿಗೆ ರಾತ್ರಿ ಪಾಳಿ ಇತ್ತು, ಫೋನ್ ಅವರ ಜೊತೆ ಹೋಗಿತ್ತು. ಹೋಂವರ್ಕ್ ಇದೆ ಅನ್ನುವುದೇ ಮಗುವಿಗೆ ಗೊತ್ತಿರಲಿಲ್ಲ. ತಪ್ಪು ಶಾಲೆಯದು. ಅವಳ ಅಮ್ಮನ ಬಳಿ ನಾನೇ ಕ್ಷಮೆ ಕೇಳಿದ್ದೇನೆ. ಅವರು ಒಪ್ಪಿದ ಮೇಲೆಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಈಗ ಎಲ್ಲರ ಹತ್ರಾನೂ ಫೋನ್ ಇದೆ" ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ. ಆದರೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ 2024ರಲ್ಲೂ ಇಂಟರ್‌ನೆಟ್ ಬಳಸುತ್ತಿರಲಿಲ್ಲ ಎಂದು ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟ ಆ ವರ್ಷ ಲೆಕ್ಕ ಹಾಕಿತ್ತು. ಇನ್ನು ಫೋನ್ ಇರುವ ಮನೆಯಲ್ಲೂ ಅದು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿ ಇರುತ್ತದೆ ಎಂದು ನಾವು ಕೇಳುವುದೇ ಇಲ್ಲ. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಇದನ್ನು ಕಣ್ಣಾರೆ ಕಂಡಿದ್ದೆವು. ಒಂದು ಫೋನ್, ಮೂರು ಮಕ್ಕಳು, ಮೂವರಿಗೂ ಒಂದೇ ಹೊತ್ತಿಗೆ ಪಾಠ. ಆಗ ಗ್ರೂಪ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಶಾಲೆ ತೆರೆದ ಮೇಲೂ ಅದು ಹಾಗೇ ಉಳಿಯಿತು. ಡೈರಿಯನ್ನು ನಿಧಾನವಾಗಿ ಮರೆತೆವು.

ಡೈರಿಯ ವಿಷಯ ಹೆಚ್ಚಿನವರು ಒಪ್ಪಿದ್ದೀರಿ. ಒಪ್ಪಿಗೆ ಆಗದೇ ಇರುವುದು ಇನ್ನೊಂದು ಮಾತು, ಆರರ ಮೇಲೆ ಟೀಚರ್ ಉತ್ತರ ಕೊಡುವುದಿಲ್ಲ ಅನ್ನುವುದು. "ಒಂದು ಮೆಸೇಜ್‌ಗೆ ಉತ್ತರ ಕೊಡೋಕೆ ಒಂದು ನಿಮಿಷ ಸಾಕಲ್ವಾ?" ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ನಿಮಿಷ ಸಾಕು, ನಿಜ. ಆದರೆ ಒಬ್ಬ ಟೀಚರ್ ಮೂರು ಸೆಕ್ಷನ್‌ಗೆ ಪಾಠ ಮಾಡುತ್ತಾರೆ. ಅವರ ಒಪ್ಪಿಗೆ ಕೇಳಿ, ಒಂದು ಸಂಜೆ ಅವರ ಫೋನಿಗೆ ಬಂದ ಶಾಲೆಯ ಮೆಸೇಜ್‌ಗಳನ್ನು ಕೂತು ಎಣಿಸಿದೆ. ಅರವತ್ತು ದಾಟಿತ್ತು. ಕೊನೆಯದು ಬಂದಾಗ ರಾತ್ರಿ ಹನ್ನೊಂದೂಕಾಲು. ಒಂದರಲ್ಲೂ ಕೆಟ್ಟ ಮಾತಿಲ್ಲ. "ನಾಳೆ ಡ್ರಾಯಿಂಗ್ ಬುಕ್ ಬೇಕಾ ಮಿಸ್?" ಇಂಥವೇ ಜಾಸ್ತಿ. ಕಳಿಸಿದ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಒಂದು ನಿಮಿಷ. ಆ ಟೀಚರ್‌ಗೆ ಆ ಸಂಜೆ ಸ್ವಂತಕ್ಕೆ ಅಂತ ಏನೂ ಉಳಿಯಲಿಲ್ಲ. ಅವರ ಮನೆಯಲ್ಲೂ ಓದುವ ಮಗು ಇದೆ.

ಇದು ಹೇಗಾಯಿತು ಎಂದು ನಾನು ತುಂಬಾ ಯೋಚಿಸಿದ್ದೇನೆ. ಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಲ್ಲಿ 'ಮೆರ್ರಿ ಕ್ರಿಸ್‌ಮಸ್' ಎಂದು ಟೈಪ್ ಮಾಡಿ ಒಂದು ಮೊಬೈಲಿಗೆ ಕಳಿಸಿದರು. ಪಡೆದವರ ಫೋನಿನಲ್ಲಿ ಉತ್ತರ ಟೈಪ್ ಮಾಡುವ ಅನುಕೂಲವೇ ಇರಲಿಲ್ಲ. ಓದಿ ಸುಮ್ಮನಿರಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. 2014ರ ನವೆಂಬರಿನಲ್ಲಿ ವಾಟ್ಸಾಪ್‌ಗೆ ಬ್ಲೂ ಟಿಕ್ ಬಂತು. ಓದಿದ್ದಾರೋ ಇಲ್ಲವೋ ಎಂದು ಕಳಿಸಿದವರಿಗೆ ಕಾಣತೊಡಗಿತು. ಅಲ್ಲಿಂದ ಸುಮ್ಮನಿರುವುದಕ್ಕೂ ಒಂದು ಅರ್ಥ ಹುಟ್ಟಿಕೊಂಡಿತು. "ನೋಡಿಯೂ ಉತ್ತರ ಕೊಡಲಿಲ್ಲ" ಎಂದು ನಮಗೆ ನೋವಾಗುತ್ತದೆ. ಆ ಕಡೆಯವರು ಕೂಡಲೇ ಉತ್ತರ ಕೊಡದಿದ್ದರೆ ಏನೋ ತಪ್ಪು ಮಾಡಿದ ಹಾಗೆ ಒದ್ದಾಡುತ್ತಾರೆ. ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ಈ ಸಾಧನ ನಮ್ಮಿಬ್ಬರಿಗೂ ಹಾಗೆ ಅಭ್ಯಾಸ ಮಾಡಿಸಿದೆ.

ನಿಮಗೆ ಇದು ಹೊಸದೇನೂ ಅಲ್ಲ. ಕಳೆದ ಪೋಷಕರ ಸಭೆಯಲ್ಲಿ ನಿಮ್ಮಲ್ಲೇ ಒಬ್ಬರು ಹೇಳಿದರು: "ಮೇಡಂ, ನಾನು ಮನೆಗೆ ಬರ್ತೀನಿ, ಆಫೀಸೂ ನನ್ನ ಹಿಂದೆನೇ ಬರುತ್ತೆ." ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಫ್ರಾನ್ಸಿನಲ್ಲಿ ಇದಕ್ಕೊಂದು ಕಾನೂನೇ ಇದೆ. 2017ರ ಜನವರಿ 1ರಿಂದ ಜಾರಿಯಲ್ಲಿದೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನ್, ಇಮೇಲ್‌ನಿಂದ ದೂರ ಇರುವ ಹಕ್ಕಿನ ಬಗ್ಗೆ ಅಲ್ಲಿ ಸುಮಾರು ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ನೌಕರರ ಜೊತೆ ಕೂತು ಮಾತಾಡಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಇಂಥದೇ ಹಕ್ಕು ಬಂದಿದೆ. ಎರಡೂ ಕಡೆ ಯಾರೂ ಫೋನನ್ನು ಬಿಸಾಡಲಿಲ್ಲ. ಅದು ಎಷ್ಟು ಹೊತ್ತಿನವರೆಗೆ ಕೆಲಸದ್ದು, ಎಷ್ಟು ಹೊತ್ತಿನ ಮೇಲೆ ಮನೆಯದ್ದು ಎಂದು ಗೆರೆ ಎಳೆದರು. ನಾವು ಎಳೆದಿರುವುದೂ ಅಂಥದೇ ಒಂದು ಸಣ್ಣ ಗೆರೆ.

ದಯವಿಟ್ಟು ಇದನ್ನು "ಟೀಚರ್ ಇನ್ನು ಸಿಗಲ್ಲ" ಎಂದು ತಿಳಿಯಬೇಡಿ. ಸಿಗುತ್ತಾರೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಸಿಗುತ್ತಾರೆ, ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಸಿಗುತ್ತಾರೆ. ನೀವು ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿದರೂ ಅದು ಎಲ್ಲೂ ಹೋಗುವುದಿಲ್ಲ, ಬೆಳಿಗ್ಗೆ ಅದಕ್ಕೆ ಉತ್ತರ ಬರುತ್ತದೆ. ಬೆಳಗಾಗುವವರೆಗೆ ಕಾಯಬೇಕು, ಅಷ್ಟೇ. ಇನ್ನು ಮಗು ಮನೆ ತಲುಪಿಲ್ಲ, ಮಗುವಿಗೆ ಇದ್ದಕ್ಕಿದ್ದ ಹಾಗೆ ಹುಷಾರು ತಪ್ಪಿದೆ, ಇಂಥದ್ದಕ್ಕೆ ಯಾವ ನಿಯಮವೂ ಇಲ್ಲ. ಡೈರಿಯ ಮೊದಲ ಪುಟದಲ್ಲಿರುವ ಶಾಲೆಯ ನಂಬರಿಗೆ ಎಷ್ಟು ಹೊತ್ತಿನಲ್ಲಾದರೂ ಫೋನ್ ಮಾಡಿ. ಆರರ ಮೇಲೆ ಆ ಫೋನ್ ನನ್ನ ಹತ್ತಿರವೇ ಇರುತ್ತದೆ.

ಇನ್ನೊಂದು ಮಾತು ನನಗೆ ಸ್ವಲ್ಪ ನೋವು ಕೊಟ್ಟಿತು. "ಜಗತ್ತು ಎಐ ಅಂತ ಓಡ್ತಾ ಇದೆ, ನಮ್ಮ ಶಾಲೆ ಹಿಂದಕ್ಕೆ ಹೋಗ್ತಿದೆ" ಎಂದು. ಕಂಪ್ಯೂಟರ್ ಪಾಠದ ಒಂದು ನಿಮಿಷವನ್ನೂ ನಾವು ಕಡಿಮೆ ಮಾಡಿಲ್ಲ, ಮಾಡುವುದೂ ಇಲ್ಲ. ನಿಮ್ಮ ಮಕ್ಕಳ ಕೆಲಸವೆಲ್ಲ ಈ ಯಂತ್ರಗಳ ಜೊತೆಯಲ್ಲೇ ನಡೆಯಲಿದೆ ಎಂದು ನನಗೂ ಗೊತ್ತು. ಮಕ್ಕಳಿಗೆ ನಾನು ಹೇಳುವ ಒಂದು ಕಥೆಯನ್ನು ನಿಮಗೂ ಹೇಳುತ್ತೇನೆ. ಕಂಪ್ಯೂಟರ್ ಅನ್ನುವುದು ಮೊದಲು ಮನುಷ್ಯರ ಕೆಲಸದ ಹೆಸರಾಗಿತ್ತು, ಕೂತು ಲೆಕ್ಕ ಹಾಕುವವರಿಗೆ ಹಾಗೆ ಕರೆಯುತ್ತಿದ್ದರು. ನಾಸಾದ ಕ್ಯಾಥರೀನ್ ಜಾನ್ಸನ್ ಆ ಕೆಲಸದಿಂದಲೇ ಮೇಲೆ ಬಂದವರು. 1962ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಲು ಹೊರಡುವ ಮೊದಲು, ಯಂತ್ರ ಕೊಟ್ಟ ಅಂಕಿಗಳನ್ನು ಜಾನ್ಸನ್ ಒಮ್ಮೆ ಕೈಲೆಕ್ಕ ಹಾಕಿ ನೋಡಲಿ ಎಂದು ಕೇಳಿದರು. ಅವರು ನೋಡಿ ಸರಿ ಇದೆ ಎಂದ ಮೇಲೆ ಗ್ಲೆನ್ ಹೊರಟರು. ಯಂತ್ರಗಳು ಬಂದು ಆ ಕೆಲಸದ ಹೆಸರು ಹೋಯಿತು. ಲೆಕ್ಕ ಗೊತ್ತಿದ್ದವರಲ್ಲಿ ಹಲವರು ಪ್ರೋಗ್ರಾಂ ಬರೆಯಲು ಕಲಿತು ಮುಂದೆ ನಡೆದರು. ಬೋರ್ಡ್ ಮೇಲಿರುವುದನ್ನು ತಾನೇ ನೋಡಿ, ತಾನೇ ಬರೆದುಕೊಂಡು, ನಾಳೆಗೆ ಏನು ಬೇಕು ಎಂದು ನೆನಪಿಟ್ಟುಕೊಳ್ಳುವ ಮಗು ಮುಂದೆ ಯಂತ್ರದ ಜೊತೆಗೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಗ್ರೂಪ್‌ನಲ್ಲಿ ಹೇಗೂ ಬರುತ್ತದೆ ಅಂತ ನಮ್ಮ ಮಕ್ಕಳು ಬರೆದುಕೊಳ್ಳುವುದನ್ನೇ ಬಿಟ್ಟಿದ್ದರು.

ನೀವು ಹೇಳಿದ್ದರಲ್ಲಿ ಎರಡು ಮಾತು ಸರಿ ಅನ್ನಿಸಿತು, ಬದಲಾಯಿಸಿದ್ದೇವೆ. ಗೈರುಹಾಜರಾದ ಮಗುವಿಗೆ ಹೋಂವರ್ಕ್ ಹೇಗೆ ಗೊತ್ತಾಗಬೇಕು ಎಂದು ಕೇಳಿದಿರಿ. ಇನ್ನು ಮುಂದೆ ಬೋರ್ಡಿನ ಫೋಟೋ ಸಂಜೆ ಐದರೊಳಗೆ ಗ್ರೂಪ್‌ಗೆ ಬರುತ್ತದೆ. ಅದನ್ನು ನೋಡಲು ಆಗದ ಮನೆಯ ಮಗುವಿಗೆ ಒಂದು ದಿನ ಜಾಸ್ತಿ ಸಮಯ ಇರುತ್ತದೆ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಬರೆದುಕೊಳ್ಳುವುದು ಕಷ್ಟ ಎಂದಿರಿ. ಅವರ ಡೈರಿಯನ್ನು ಟೀಚರೇ ಬರೆಯುತ್ತಾರೆ.

ಆರು ಗಂಟೆಯ ನಿಯಮ ಮಾತ್ರ ಈ ವರ್ಷ ಪೂರ್ತಿ ಹೀಗೇ ಇರುತ್ತದೆ. ಅದನ್ನು ಸಡಿಲ ಮಾಡಲು ಆಗುವುದಿಲ್ಲ. ಮೊದಲ ಕೆಲವು ವಾರ ನಿಮಗೆ ಕಷ್ಟ ಆಗುತ್ತದೆ ಎಂದು ಗೊತ್ತು. ಟೀಚರ್‌ಗಳಿಗೂ ಆಗುತ್ತಿದೆ. ಉತ್ತರ ಕೊಡದೆ ಇರಲು ಅವರಿಗೂ ಮನಸ್ಸು ಬರುತ್ತಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ನಿಮ್ಮಿಂದ ಬೇಕಾಗಿರುವುದು ಇಷ್ಟೇ: ದಿನಾ ಮಗುವಿನ ಡೈರಿ ನೋಡಿ ಒಂದು ಸಹಿ ಹಾಕಿ. ರಾತ್ರಿ ಪಾಳಿಯವರು ಬೆಳಿಗ್ಗೆ ಹಾಕಿದರೂ ಸಾಕು.

ಇನ್ನೂ ಒಪ್ಪಿಗೆ ಆಗದವರು ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ನಾನು ಇರುತ್ತೇನೆ, ಕೂತು ಮಾತಾಡೋಣ.

ಪ್ರೀತಿಯಿಂದ,
ನಿಮ್ಮ ಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ