ನಾಲ್ಕನೇ ಕೇಬಲ್ ತರುವ ಮೊದಲು

ಪ್ರೀತಿಯ ಪುಟ್ಟಾ,

ನೀನು ಎಲೆಕ್ಟ್ರಿಕ್ ಗಿಟಾರಿಗೆ ಮೂರನೇ ಕೇಬಲ್ ತಂದೆಯಂತೆ, ಆದರೂ ಗುಂಯ್ ಅನ್ನುವುದು ನಿಂತಿಲ್ಲವಂತೆ. ಅಕ್ಕ ನಿನ್ನೆ ಫೋನಿನಲ್ಲಿ ಹೇಳಿದಳು. ನಾಲ್ಕನೆಯದು ತರುವ ಮೊದಲು ಈ ಮಾವನ ಮಾತು ಸ್ವಲ್ಪ ಕೇಳು.

ಕಾಲಲ್ಲಿ ಒತ್ತಿ ಸ್ವರ ಬದಲಿಸುವ ಆ ಪೆಡಲ್‌ಗಳನ್ನೆಲ್ಲ ತೆಗೆದಿಟ್ಟು ಗಿಟಾರನ್ನು ನೇರವಾಗಿ ಆಂಪ್‌ಗೆ, ಅಂದರೆ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿಗೆ, ಹಾಕು. ಸದ್ದು ಹೋಯಿತಾ? ಹಾಗಾದರೆ ತಪ್ಪು ಪೆಡಲ್‌ಗಳದ್ದು. ಒಂದೇ ಅಡಾಪ್ಟರಿನಿಂದ ನಾಲ್ಕೈದು ಪೆಡಲ್‌ಗೆ ಕರೆಂಟ್ ಕೊಟ್ಟಿದ್ದರೆ, ಅದರಲ್ಲೂ ಡಿಜಿಟಲ್ ಪೆಡಲ್ ಇದ್ದರೆ, ಹೀಗಾಗುವುದು ಸಾಮಾನ್ಯ. ಪ್ರತಿ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಪವರ್ ಸಪ್ಲೈ ತಗೋ. ಪೆಡಲ್ ತೆಗೆದರೂ ಸದ್ದು ಹೋಗಲಿಲ್ಲ ಅಂದರೆ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ ನೋಡು. ಆಗಲೂ ಸದ್ದು ಜೋರಾಗಿದ್ದರೆ ಕೇಬಲನ್ನು ಆಂಪ್‌ನಿಂದ ಕಿತ್ತುಬಿಡು. ಕಿತ್ತ ಮೇಲೂ ಬಂದರೆ ಅದು ಆಂಪ್‌ನದ್ದೇ. ಕಿತ್ತಾಗ ನಿಂತರೆ ಮಾತ್ರ ಕೇಬಲ್ ಮೇಲೋ ಗಿಟಾರಿನ ಜ್ಯಾಕ್ ಮೇಲೋ ಅನುಮಾನ ಪಡು.

ವಾಲ್ಯೂಮ್ ಇಳಿಸಿದ ಕೂಡಲೇ ನಿಂತಿತಾ? ಹಾಗಾದರೆ ಗಿಟಾರ್ ಕೊರಳಿಗೆ ಹಾಕಿಕೊಂಡು, ವಾಲ್ಯೂಮ್ ಮತ್ತೆ ಏರಿಸಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗು. ಒಂದು ದಿಕ್ಕಿಗೆ ಸದ್ದು ಜಾಸ್ತಿಯಾಗಿ ಇನ್ನೊಂದು ದಿಕ್ಕಿಗೆ ಕಡಿಮೆಯಾದರೆ ಅದು ಸಿಂಗಲ್ ಕಾಯಿಲ್ ಪಿಕಪ್ಪಿನ, ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನ ಹಿಡಿಯುವ ಒಂದೇ ಸುರುಳಿಯ ಭಾಗದ, ಕೆಲಸ, ಕೇಬಲ್‌ನದ್ದಲ್ಲ. ಮನೆಯ ಕರೆಂಟು ಸೆಕೆಂಡಿಗೆ 50 ಸಲ, ಕೆಲವು ದೇಶಗಳಲ್ಲಿ 60 ಸಲ, ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತ ಅದರಿಂದ ಹುಟ್ಟುವ ಕಾಂತಕ್ಷೇತ್ರವನ್ನು ಪಿಕಪ್ಪಿನ ಸುರುಳಿಯು ಗಿಟಾರ್ ತಂತಿಯ ಕಂಪನದಷ್ಟೇ ಶ್ರದ್ಧೆಯಿಂದ ಹಿಡಿದು ಕಳಿಸುತ್ತದೆ, ಅದಕ್ಕೇನು ಗೊತ್ತು ಪಾಪ! ಇದಕ್ಕೆಂದೇ ಸೇತ್ ಲವರ್ ಅನ್ನುವ ಇಂಜಿನಿಯರ್ 1955ರಲ್ಲಿ ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಗಾಗಿ ಎರಡು ಸುರುಳಿಯ ಹಂಬಕರ್ ಪಿಕಪ್ ಮಾಡಿದ. ಒಂದು ಸುರುಳಿ ಹಿಡಿದ ಗುಂಯ್ ಅನ್ನು ಇನ್ನೊಂದು ಅಳಿಸುತ್ತದೆ. ಎಷ್ಟೇ ದುಬಾರಿ ಕೇಬಲ್ ತಂದರೂ ಈ ಕೆಲಸ ಅದರಿಂದ ಆಗುವುದಿಲ್ಲ. ಆಂಪ್‌ನಿಂದ, ಚಾರ್ಜರಿನಿಂದ, ಲೈಟಿನ ಡಿಮ್ಮರಿನಿಂದ ಎರಡು ಹೆಜ್ಜೆ ದೂರ ನಿಂತು ನುಡಿಸು, ಎಷ್ಟೋ ಕಡಿಮೆಯಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕೇಬಲ್ಲೇ ಕಳ್ಳ ಅಂತ ಗೊತ್ತಾದರೆ ಪ್ಲಗ್ಗಿನ ತಿರುಪು ಬಿಚ್ಚಿ ಒಳಗೆ ನೋಡು. ಮಧ್ಯದ ತಂತಿಯ ಸುತ್ತ ಹೆಣೆದ ತಾಮ್ರದ ಜಾಲರಿ ಇರುತ್ತದೆ, ಅದೇ ಶೀಲ್ಡ್, ಹೊರಗಿನ ಗದ್ದಲ ಒಳಗೆ ಬರದಂತೆ ತಡೆಯುವುದು. ಕೇಬಲ್ಲಿನ ಬೇನೆ ಬಹುಪಾಲು ಅಲ್ಲೇ, ಬೆಸುಗೆ ಬಿಟ್ಟಿರುತ್ತದೆ ಇಲ್ಲವೇ ಜಾಲರಿಯ ಎಳೆ ತುಂಡಾಗಿರುತ್ತದೆ. ಮೊಣಕೈಗೆ ಗಟ್ಟಿಯಾಗಿ ಸುತ್ತಿ ಸುತ್ತಿ ಇಡುತ್ತೀಯಲ್ಲ, ಅದರ ಫಲ ಇದು. ದೊಡ್ಡ ಸುತ್ತುಗಳಾಗಿ ಸಡಿಲವಾಗಿ ಸುತ್ತಿಡು. ಮತ್ತೆ, ನೋಡುವುದಕ್ಕೆ ಒಂದೇ ಥರ ಇದೆ ಅಂತ ಸ್ಪೀಕರ್ ಕೇಬಲ್ಲನ್ನು ಗಿಟಾರಿಗೆ ಹಾಕಬೇಡ. ಅದರಲ್ಲಿ ಶೀಲ್ಡೇ ಇರುವುದಿಲ್ಲ. ಉದ್ದವೂ ಬೇಕಾದಷ್ಟೇ ಇರಲಿ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ಸೇರುತ್ತಾ ಹೋಗಿ ಸ್ವರದ ಹೊಳಪು ಮಂಕಾಗುತ್ತದೆ, ಗುಂಯ್‌ಗೂ ಅದಕ್ಕೂ ಸಂಬಂಧವಿಲ್ಲ ಬಿಡು. ಕರೆಂಟಿನ ವೈರ್ ಪಕ್ಕದಲ್ಲೇ ಗಿಟಾರ್ ಕೇಬಲ್ ಓಡಿಸಬೇಡ, ದಾಟಲೇಬೇಕಾದರೆ ಅಡ್ಡವಾಗಿ ದಾಟಿಸು.

ಇನ್ನೊಂದು ವಿಷಯ, ಇದನ್ನು ಸುಮ್ನೆ ಓದಿ ಮರೆಯಬೇಡ. ಎರಡು ಆಂಪ್ ಜೋಡಿಸಿದಾಗ ಅರ್ತಿಂಗ್ ಎರಡು ದಾರಿ ಹಿಡಿದು ಗ್ರೌಂಡ್ ಲೂಪ್ (ಅರ್ತ್ ತಂತಿಗಳ ಒಂದು ಸುತ್ತು) ಆಗಿ ಗುಂಯ್ ಬರಬಹುದು. ಆಗ ಯಾರಾದರೂ ಬಂದು, ಆಂಪ್ ಪ್ಲಗ್ಗಿನ ಅರ್ತ್ ಪಿನ್ ತೆಗೆದುಬಿಡು ಸರಿಹೋಗುತ್ತೆ ಅನ್ನುತ್ತಾರೆ. ನಿನ್ನ ವಯಸ್ಸಿನಲ್ಲಿ ನಾನೂ ತೆಗೆದಿದ್ದೆ. ಗುಂಯ್ ಹೋಯಿತು, ಖುಷಿಯಾಯಿತು, ಗಿಟಾರಿನ ತಂತಿ ಹಿಡಿದುಕೊಂಡೇ ಹಾಡಲು ಮೈಕಿಗೆ ಬಾಯಿಟ್ಟೆ, ತುಟಿಗೆ ಹೊಡೆದ ಶಾಕಿಗೆ ಎರಡು ಹೆಜ್ಜೆ ಹಿಂದೆ ಬಿದ್ದೆ. ಗಿಟಾರಿನ ತಂತಿಗೂ ಆಂಪ್‌ನ ಅರ್ತ್‌ಗೂ ನೇರ ಸಂಬಂಧ ಇರುತ್ತದೆ, ಆ ಪಿನ್ ಇಲ್ಲದಿದ್ದರೆ ಆಂಪ್‌ನಲ್ಲಿ ಸೋರಿದ ಕರೆಂಟು ತಂತಿ ಹಿಡಿದವನ ಮೈಗೇ ಬರಬಹುದು ಅನ್ನುವುದು ಆಗ ನನಗೆ ತಿಳಿದಿರಲಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಸಿಗುತ್ತದೆ, ಅದನ್ನು ಎರಡು ಆಂಪ್‌ಗಳಲ್ಲಿ ಒಂದಕ್ಕೆ ಹೋಗುವ ಕೇಬಲ್ಲಿನ ನಡುವೆ ಹಾಕು, ಆ ಪಿನ್ ಮಾತ್ರ ಮುಟ್ಟಬೇಡ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಆ ವಾಲ್ಯೂಮ್ ಇಳಿಸುವ ಪರೀಕ್ಷೆ ಮಾಡಿಟ್ಟಿರು.

ನಿನ್ನ ಮಾವ