ಹಿಡಿದ ಟಿಡಿಎಸ್ ಎಲ್ಲಿ ಹೋಯಿತು?

ಮಾನ್ಯರೆ,

ಸರ್ಜಾಪುರ ರಸ್ತೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿ ಗಾಜು ಸ್ವಚ್ಛ ಮಾಡುವ ಗುತ್ತಿಗೆ ನನ್ನದು. ಒಣಗಿದ ಸಿಮೆಂಟು, ಪೇಂಟಿನ ಹನಿ ಎಲ್ಲಾ ಬ್ಲೇಡಿನಲ್ಲೇ ಕೆರೆಯಬೇಕು, ಗಾಜಿಗೆ ಗೀರು ಬಿದ್ದರೆ ದುಡ್ಡು ನಮ್ಮದೇ. ನನ್ನಂಥ ಒಬ್ಬಂಟಿ ಗುತ್ತಿಗೆದಾರರಿಗೆ ಟಿಡಿಎಸ್, ಅಂದರೆ ಬಿಲ್ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಶೇ 1. ಪ್ಯಾನ್ ಕೊಡದಿದ್ದರೆ ಶೇ 20. ಕಳೆದ ವರ್ಷ ಒಬ್ಬ ಬಿಲ್ಡರ್ ಪ್ಯಾನ್ ಪಡೆದೂ ಶೇ 20 ಹಿಡಿದರು. 40 ಸಾವಿರದ ಬಿಲ್ಲಿಗೆ ಕೈಗೆ ಬಂದದ್ದು 32 ಸಾವಿರ. ರಿಟರ್ನ್ ಹಾಕಿ ವಾಪಸ್ ಪಡೆಯೋಣ ಅಂದರೆ, ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಆ ಹಣದ ಸುಳಿವೇ ಇಲ್ಲ. ತೆರಿಗೆ ಹಿಡಿದದ್ದಕ್ಕೆ ಕೊಡಬೇಕಾದ ಪ್ರಮಾಣಪತ್ರ ಫಾರಂ 16ಎ ಕೇಳಿದರೆ ‘ಆಡಿಟರ್ ಊರಲ್ಲಿಲ್ಲ’ ಅಂತಾರೆ. ಹಿಡಿದು ಕಟ್ಟದಿದ್ದರೆ ತಪ್ಪು ಅವರದ್ದು, ಅಲ್ವಾ? ಅಲೆಯುವವರು ಮಾತ್ರ ನಾವು. ಬಿಲ್ ಪಾಸಾದ ದಿನವೇ ಹಿಡಿದ ಮೊತ್ತ ನಮ್ಮ ಮೊಬೈಲಿಗೆ ಬರುವಂತೆ ತೆರಿಗೆ ಇಲಾಖೆ ಮಾಡಲಿ.

– ಒಬ್ಬ ಗಾಜು ಕೆಲಸಗಾರ, ಬೆಂಗಳೂರು