ಪಂಜರದ ಹಕ್ಕಿ, ಮೂವತ್ತು ತಲಾಂತು ಬಂಗಾರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ. ಪ್ರಾಚೀನ ಇಸ್ರಾಯೇಲಿನ ಬಗ್ಗೆ ಸೆಮಿನಾರ್ ಬರೆಯಬೇಕು, ಕ್ಲಾಸಿನಲ್ಲಿ ಅರ್ಧ ಜನ ಬೈಬಲ್ ಹೇಳಿದ್ದೆಲ್ಲ ಇತಿಹಾಸ ಅಂತಾರೆ, ಉಳಿದವರು ಎಲ್ಲ ಕಟ್ಟುಕಥೆ ಅಂತಾರೆ, ನಾನು ಯಾವ ಕಡೆ ಸೇರಲಿ ಅಂದೆ. ಯಾವ ಕಡೆಗೂ ಸೇರಬೇಡ. ಅವಸರ ಯಾಕೆ? ಮೊದಲು ಒಂದೇ ಒಂದು ವರ್ಷ ಹಿಡಿದುಕೋ. ಕ್ರಿ.ಪೂ. 701.

ಆ ವರ್ಷ ಅಶ್ಶೂರದ (ಈಗಿನ ಇರಾಕಿನ ಕಡೆಯ ದೊಡ್ಡ ಸಾಮ್ರಾಜ್ಯ) ರಾಜ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. ಯೆಹೂದ ಅಂದರೆ ಇಸ್ರಾಯೇಲ್ ಜನರ ದಕ್ಷಿಣದ ರಾಜ್ಯ, ಜೆರುಸಲೇಮ್ ಅದರ ರಾಜಧಾನಿ. ಜೆರುಸಲೇಮಿನಲ್ಲಿ ಆಗ ಹಿಜ್ಕೀಯನ ಆಳ್ವಿಕೆ. ಸನ್ಹೇರೀಬ ಆರು ಮುಖದ ಮಣ್ಣಿನ ಪಟ್ಟಕದ ಮೇಲೆ ಬರೆಸಿದ್ದಾನೆ: ಕೋಟೆ ಇದ್ದ 46 ಊರು ಗೆದ್ದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಊರಲ್ಲೇ ಕೂಡಿಹಾಕಿದೆ. ಬೈಬಲಿನ ಅರಸುಗಳ ಪುಸ್ತಕ ಹೇಳುವುದೇ ಬೇರೆ. ದೇವದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಕೊಂದ, ಉಳಿದವರು ಊರಿಗೆ ಮರಳಿದರು. ನೋಡಿದೆಯಾ, ಇಬ್ಬರೂ ಗೆದ್ದವರೇ!

ಈಗ ನಿಧಾನಕ್ಕೆ ಓದು. ಇಷ್ಟು ಊರು ಗೆದ್ದೆ ಅಂತ ಎಣಿಸುವ ಸನ್ಹೇರೀಬ, ಜೆರುಸಲೇಮ್ ಗೆದ್ದೆ ಅಂತ ಹೇಳುವುದಿಲ್ಲ. ಗೆದ್ದಿದ್ದರೆ ಸುಮ್ನೆ ಇರುತ್ತಿದ್ದನಾ? ಅತ್ತ ಅರಸುಗಳ ಪುಸ್ತಕವೂ ಒಂದು ಮಾತು ಒಪ್ಪಿಕೊಳ್ಳುತ್ತದೆ. ಹಿಜ್ಕೀಯ ದೇವಾಲಯದ ಬಾಗಿಲಿನ ಬಂಗಾರ ಕಿತ್ತು ಕಪ್ಪ ಕೊಟ್ಟನಂತೆ. ಬಂಗಾರ ಇಬ್ಬರ ಲೆಕ್ಕದಲ್ಲೂ 30 ತಲಾಂತು (ತಲಾಂತು ಅಂದರೆ ಆ ಕಾಲದ ದೊಡ್ಡ ತೂಕದ ಅಳತೆ). ಬೆಳ್ಳಿ ಮಾತ್ರ ಅರಸುಗಳ ಪುಸ್ತಕದಲ್ಲಿ 300, ಸನ್ಹೇರೀಬನಲ್ಲಿ 800. ಬದ್ಧವೈರಿಗಳಿಬ್ಬರ ಲೆಕ್ಕ ತಾಳೆಯಾದ ಜಾಗ ಇದೆಯಲ್ಲ, ಅಲ್ಲಿ ಧೈರ್ಯವಾಗಿ ಕಾಲೂರು.

ಆಮೇಲೆ ಮಣ್ಣನ್ನು ಕೇಳು. ಯೆಹೂದದ ಲಾಕೀಷ್ ಎಂಬ ಊರಿನ ಮುತ್ತಿಗೆಯನ್ನು ಸನ್ಹೇರೀಬ ತನ್ನ ರಾಜಧಾನಿ ನಿನೆವೆಯ ಅರಮನೆ ಗೋಡೆಯ ಮೇಲೆ ಕೆತ್ತಿಸಿದ್ದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೋಟೆಗೆ ಹತ್ತಲು ಕಟ್ಟಿದ ಇಳಿಜಾರು ದಿಬ್ಬ, ಸೆರೆಯಾಗಿ ನಡೆಯುವ ಹೆಂಗಸರು ಮಕ್ಕಳು, ಎಲ್ಲ ಅದರಲ್ಲಿದೆ. ಲಾಕೀಷಿನಲ್ಲಿ ಅಗೆದಾಗ ಆ ದಿಬ್ಬವೇ ಸಿಕ್ಕಿತು, ಬಾಣದ ಮೊನೆಗಳ ಸಮೇತ. ಅರಸುಗಳ ಪುಸ್ತಕದಲ್ಲಿ ಲಾಕೀಷಿನ ಹೆಸರು ಬಂದು ಹೋಗುತ್ತದೆ, ಅದು ಬಿದ್ದ ಸುದ್ದಿಯೇ ಇಲ್ಲ.

ಹಿಂದೆ ಹೋದಷ್ಟೂ ಇಂಥ ಅದೃಷ್ಟ ಕಡಿಮೆ. ಈಜಿಪ್ಟಿನ ಫರೋ ಮೆರ್ನೆಪ್ತಾನ ಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ, ‘ಇಸ್ರಾಯೇಲ್’ ಎಂಬ ಹೆಸರು ಬರುತ್ತದೆ. ಅದರ ಪಕ್ಕದ ಗುರುತು ನಾಡಿನದಲ್ಲ, ಜನರದ್ದು. ಸರಿಸುಮಾರು ಆ ಕಾಲದಿಂದಲೇ ಕಾನಾನಿನ (ಆ ನಾಡಿನ ಹಳೆಯ ಹೆಸರು) ಬೆಟ್ಟಗಳಲ್ಲಿ ಪುಟ್ಟ ಪುಟ್ಟ ಹಳ್ಳಿಗಳು ನೂರಾರು ಎದ್ದವು. ಅಲ್ಲಿನ ಮಡಕೆಗಳು ಕಾನಾನಿನ ಹಳೆಯ ಮಡಕೆಗಳನ್ನೇ ಹೋಲುತ್ತವೆ. ಹಾಗಾಗಿ ಈ ಜನ ಹೊರಗಿಂದ ಬಂದು ಗೆದ್ದವರಲ್ಲ, ಬಹುಪಾಲು ಅಲ್ಲಿಯವರೇ ಅಂತ ಈಗ ಅನೇಕ ವಿದ್ವಾಂಸರು ಹೇಳುತ್ತಾರೆ. ಇಸ್ರಾಯೇಲರ ನಾಯಕ ಯೆಹೋಶುವ ಕಾನಾನನ್ನು ಗೆಲ್ಲಲು ಬಂದಾಗ ಯೆರಿಕೋ ಊರಿನ ಗೋಡೆಗಳು ಬಿದ್ದವು ಅಂತ ಬೈಬಲ್ ಹೇಳುತ್ತದೆ, ಆ ಕಥೆಯೂ ನಿಲ್ಲಲಿಲ್ಲ. 1950ರ ದಶಕದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅಗೆದು ನೋಡಿದಾಗ, ಬಿದ್ದ ಗೋಡೆಗಳು ಯೆಹೋಶುವನ ಕಾಲಕ್ಕಿಂತ ಎಷ್ಟೋ ಹಳೆಯವು ಎಂದು ತಿಳಿಯಿತು.

ನಾನೂ ಎಡವಿದ್ದೇನೆ. ಮೇಷ್ಟ್ರಾಗಿದ್ದ ಹೊಸದರಲ್ಲಿ, ಬೈಬಲಿನಲ್ಲಿ ಜೆರುಸಲೇಮಿನಿಂದ ಆಳಿದ ಪ್ರಸಿದ್ಧ ರಾಜ ದಾವೀದ ಬರೀ ಕಥೆಯ ರಾಜ ಅಂತ ಪಾಠದಲ್ಲಿ ಜೋರಾಗಿ ಹೇಳಿಬಿಟ್ಟಿದ್ದೆ. 1993ರಲ್ಲಿ ಇಸ್ರೇಲಿನ ಉತ್ತರದ ತೆಲ್ ದಾನ್ ಎಂಬಲ್ಲಿ ಒಡೆದ ಕಲ್ಲೊಂದು ಸಿಕ್ಕಿತು. ಬರೆಸಿದವನು ಶತ್ರು ರಾಜ, ಅದರಲ್ಲಿ ‘ದಾವೀದನ ಮನೆತನ’ ಎಂಬ ಮಾತು! ಬೈಬಲಿನ ಕಥೆಯಂತೆ ದಾವೀದ ದೈತ್ಯ ಗೊಲ್ಯಾತನನ್ನು ಕೊಂದದ್ದಕ್ಕೆ ಅದು ಸಾಕ್ಷಿ ಅಲ್ಲ, ಬಿಡು. ಆದರೆ ದಾವೀದನ ಹೆಸರಿನ ರಾಜವಂಶ ಇತ್ತು ಅನ್ನುವುದಕ್ಕೆ ಸಾಕ್ಷಿ. ಮಾರನೆಯ ವರ್ಷದ ಕ್ಲಾಸಿನಲ್ಲಿ ನನ್ನ ಮಾತು ನಾನೇ ತಿದ್ದಿಕೊಂಡೆ. ಹಳೆಯ ಹುಡುಗರು ಇನ್ನೂ ಕಾಲೆಳೆಯುತ್ತಾರೆ.

ಆ ಬೆಳ್ಳಿಯಲ್ಲಿ 500 ತಲಾಂತು ವ್ಯತ್ಯಾಸ ಬಂತಲ್ಲ, ಯಾಕೆ ಅಂತ ನಿನಗೆ ಅನ್ನಿಸುತ್ತದೆ? ನನಗೊಂದು ಅನುಮಾನ ಇದೆ, ಈಗ ಹೇಳುವುದಿಲ್ಲ. ನಿನ್ನದು ಮೊದಲು ಬರೆದು ಕಳಿಸು.

ನಿನ್ನ
ದೊಡ್ಡಪ್ಪ